ಮಗಳಿಗೆ ಡಾಕ್ಟರ್ ಫಿಲ್ ತರಹ ಆಗಬೇಕಂತೆ. ಈ ಮನುಷ್ಯ ನಿಜವಾಗಿ ಡಾಕ್ಟರಾ?

ತೋಟದಮನೆ_ಹೊಸನಗರ

ಎಲ್ಲರಿಗೂ ನಮಸ್ಕಾರ. ಇದು ಯಾವ ವಿಭಾಗಕ್ಕೆ ಸೇರುತ್ತದೋ ಗೊತ್ತಾಗಲಿಲ್ಲ, ಶಿಕ್ಷಣದಲ್ಲಿ ಹಾಕಿದ್ದೇನೆ.

ನಮ್ಮದು ಹೊಸನಗರ ತಾಲ್ಲೂಕು. ಎರಡೂವರೆ ಎಕರೆ ಅಡಿಕೆ ತೋಟ. ಮಗಳು ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದು ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. ಆರ್ಟ್ಸ್, ಅದರಲ್ಲಿ ಸೈಕಾಲಜಿ. ಸೈನ್ಸ್ ಬೇಡ ಅಂದಾಗ ಒಂದು ವಾರ ಮನೆಯಲ್ಲಿ ಯಾರೂ ಸರಿಯಾಗಿ ಉಂಡಿರಲಿಲ್ಲ. ಅದು ಹಳೇ ಕಥೆ, ಬಿಡಿ.

ಈಗ ಅವಳ ಮೊಬೈಲ್ ತುಂಬ ಒಬ್ಬ ಅಮೆರಿಕದ ಮನುಷ್ಯ. ಬೋಳು ತಲೆ, ದಪ್ಪ ಮೀಸೆ, ಕೋಟು. ಡಾಕ್ಟರ್ ಫಿಲ್ ಅಂತೆ. ಎದುರಿಗೆ ಗಂಡ ಹೆಂಡತಿ ಕೂತು ಜಗಳ ಆಡುತ್ತಾರೆ, ಇವನು ಒಂದು ಮಾತು ಹೇಳುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ಇವಳಿಗೂ ಅದೇ ಆಗಬೇಕಂತೆ. ಸೈಕಾಲಜಿಸ್ಟ್ ಆಗಿ ಟಿವಿಯಲ್ಲಿ ಬರಬೇಕಂತೆ.

ಕಳೆದ ಭಾನುವಾರ ಜಗಲಿಯಲ್ಲಿ ಕೂತು ಮೈಲುತುತ್ತ, ಸುಣ್ಣದ ಲೆಕ್ಕ ಬರೆಯುತ್ತಿದ್ದೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಎರಡನೇ ಸಲ ಹೊಡೆಸುವುದು ಬಾಕಿ ಇತ್ತು, ಮಳೆ ಬಿಡುವುದನ್ನೇ ಕಾಯುತ್ತಿದ್ದೆವು. ಇವಳು ಮಣೆ ಎಳೆದುಕೊಂಡು ನನ್ನ ಎದುರಿಗೇ ಕೂತಳು. ಮೊಣಕೈ ಮೊಣಕಾಲ ಮೇಲೆ ಇಟ್ಟುಕೊಂಡು ಬಗ್ಗಿ, "ಅಪ್ಪ, ದೊಡ್ಡಪ್ಪನ ಹತ್ರ ಮಾತು ಬಿಟ್ಟು ಆರು ವರ್ಷ ಆಯ್ತಲ್ಲ, ಅದರಿಂದ ನಿಂಗೆ ಏನು ಸಿಕ್ತು?" ಅಂದಳು. ಒಳಗೆ ಅವಳ ಅಮ್ಮ ದೋಸೆ ಹುಯ್ಯುತ್ತಿದ್ದವಳು ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು.

ಅಣ್ಣನ ತೋಟ ನಮ್ಮ ತೋಟದ ಕೆಳಗಿದೆ. ಜಗಳ ಅಬ್ಬಿ ನೀರಿನದು. ವಿವರ ಬೇಡ. ನಾನು ಎದ್ದು ತೋಟದ ಕಡೆ ಹೋದೆ. ಕೊಡೆ ತಗೊಳ್ಳುವುದೂ ಮರೆತು ಹೋಯಿತು.

ಈಗ ನನ್ನ ಪ್ರಶ್ನೆ. ಈ ಫಿಲ್ ನಿಜವಾಗಿ ಡಾಕ್ಟರಾ? ಅಷ್ಟು ದೊಡ್ಡ ಹೆಸರು ಹೇಗೆ ಮಾಡಿದ? ನಮ್ಮ ಕಡೆ ಇದನ್ನು ಓದಿ ಬದುಕಲು ಆಗುತ್ತದಾ? ತಿಳಿದವರು ಹೇಳಿ. ತಮಾಷೆ ಮಾಡುವವರೂ ಮಾಡಿ, ಪರವಾಗಿಲ್ಲ.

ಜೋಗದಗುಂಡಿ

ಮಗಳಿಗೆ ಮೊದಲ ಕೇಸು ಮನೆಯಲ್ಲೇ ಸಿಕ್ಕಿದೆ, ಮೊದಲು ಫೀಸು ಕೊಡಿ ಮಾರಾಯ್ರೇ. 😀

ಡಾಕ್ಟರು ಹೌದು, ಇಂಜೆಕ್ಷನ್ ಚುಚ್ಚುವ ಡಾಕ್ಟರಲ್ಲ. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಕನ್ನಡ ಪಾಠ ಮಾಡುವವರೂ ಡಾಕ್ಟರೇ ಅಲ್ವಾ, ಆ ಲೆಕ್ಕ. ಉಳಿದದ್ದು ಶಿರಸ್ತೇದಾರರು ಬಂದು ಹೇಳುತ್ತಾರೆ. ಅಮೆರಿಕದ ಸುದ್ದಿ ಬಂದರೆ ಅವರು ಬಾರದೆ ಇರುವುದಿಲ್ಲ.

ನಿವೃತ್ತ_ಶಿರಸ್ತೇದಾರ

ಬಂದೆ.

ತೋಟದಮನೆಯವರೇ, ನಾನು 34 ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿದವನು. ತೀರ್ಥಹಳ್ಳಿ, ಸಾಗರ, ಕೊನೆಗೆ ಶಿವಮೊಗ್ಗ. ಬಹಳ ವರ್ಷ ಬೆಂಚ್ ಕ್ಲರ್ಕ್, ಕೊನೆಯಲ್ಲಿ ಶಿರಸ್ತೇದಾರ. ಮನಶ್ಶಾಸ್ತ್ರ ನನಗೆ ಗೊತ್ತಿಲ್ಲ. ಆದರೆ ಈ ಫಿಲ್ ಮಹಾಶಯನನ್ನು ಆರು ತಿಂಗಳು ಹೆಚ್ಚುಕಡಿಮೆ ದಿನಾ ನೋಡಿದ್ದೇನೆ.

2014ರಲ್ಲಿ ಮೊಮ್ಮಗನನ್ನು ನೋಡಿಕೊಳ್ಳಲು ಟೆಕ್ಸಾಸ್‌ನ ಡೆಂಟನ್‌ಗೆ ಹೋಗಿದ್ದೆವು, ಮಗನ ಮನೆಗೆ. ಅಲ್ಲಿ ಕೂರಲು ಜಗಲಿ ಇಲ್ಲ, ನಡೆದು ಹೋಗಲು ಅಂಗಡಿ ಇಲ್ಲ. ಮಧ್ಯಾಹ್ನ ಮಗು ಮಲಗಿದ ಮೇಲೆ ಟಿವಿಯೇ ಗತಿ. ಅವರ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತಿತ್ತು, ನನ್ನ ಹೆಂಡತಿಗೆ ಕಾಲುಭಾಗ. ಜಗಳ ಮಾತ್ರ ಇಬ್ಬರಿಗೂ ಪೂರ್ತಿ ತಿಳಿಯುತ್ತಿತ್ತು.

ಮೂರನೇ ದಿನಕ್ಕೇ ನಾನು ಹೆಂಡತಿಗೆ ಹೇಳಿದೆ: "ಇವನು ಡಾಕ್ಟರಲ್ಲ ಕಣೇ, ವಕೀಲ."

ಆಮೇಲೆ ಮಗನ ಕಂಪ್ಯೂಟರಿನಲ್ಲಿ ಹುಡುಕಿ ನೋಡಿದರೆ ನನ್ನ ಮಾತು ಅರ್ಧ ನಿಜ. ಫಿಲ್ ಮೆಗ್ರಾ ಹುಟ್ಟಿದ್ದು 1950ರಲ್ಲಿ, ಒಕ್ಲಹೋಮಾದ ವಿನಿಟಾ ಎಂಬ ಊರಿನಲ್ಲಿ. ಫುಟ್‌ಬಾಲ್ ಆಟದಿಂದ ಕಾಲೇಜು ಸೀಟು ಸಿಕ್ಕಿತು. ಅಪ್ಪ ಸಂಸಾರಸ್ಥರಾದ ಮೇಲೆ ಓದಿ ಮನಶ್ಶಾಸ್ತ್ರಜ್ಞರಾದವರು, ಮಗನೂ ಅದೇ ದಾರಿ ಹಿಡಿದ. 1979ರಲ್ಲಿ ಕ್ಲಿನಿಕಲ್ ಸೈಕಾಲಜಿಯಲ್ಲಿ ಪಿಎಚ್‌ಡಿ. ಎಲ್ಲಿ ಅಂದುಕೊಂಡಿರಿ? ಡೆಂಟನ್ನಿನಲ್ಲೇ! ಈಗ ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯ ಅನ್ನುತ್ತಾರೆ. ಮಗ ಭಾನುವಾರ ನಮ್ಮನ್ನು ವಾಕಿಂಗ್ ಕರೆದುಕೊಂಡು ಹೋಗುತ್ತಿದ್ದ ಜಾಗವೇ ಅದು. ಹಾಗಾಗಿ ಡಿಗ್ರಿ ಪಕ್ಕಾ. ಅದರಲ್ಲಿ ಮೋಸ ಇಲ್ಲ.

ಓದು ಮುಗಿಸಿ ಅಲ್ಲಿಂದ ಎರಡು ಗಂಟೆಯ ಹಾದಿಯ ವಿಚಿಟಾ ಫಾಲ್ಸ್‌ನಲ್ಲಿ ಅಪ್ಪನ ಜತೆ ಪ್ರಾಕ್ಟೀಸ್ ಶುರು ಮಾಡಿದ. ಆದರೆ ಆ ಕೆಲಸ ಅವನಿಗೆ ಒಗ್ಗಲಿಲ್ಲ. ಎದುರಿಗೆ ಕೂತವರ ಮಾತನ್ನು ವಾರಗಟ್ಟಲೆ ಕೇಳಿಸಿಕೊಳ್ಳುವ ಜಾಯಮಾನ ತನ್ನದಲ್ಲ ಎಂದು ತಾನೇ ಒಪ್ಪಿಕೊಂಡಿದ್ದಾನೆ. ಹೋಟೆಲ್ ಹಾಲ್‌ಗಳಲ್ಲಿ ದುಡ್ಡು ತಗೊಂಡು ಜನರಿಗೆ ಬದುಕಿನ ಪಾಠ ಹೇಳುವ ಶಿಬಿರ ನಡೆಸಿದ. 1989ರಲ್ಲಿ ಟೆಕ್ಸಾಸ್‌ನ ಮನಶ್ಶಾಸ್ತ್ರಜ್ಞರ ಮಂಡಳಿ ಅವನಿಗೆ ಛೀಮಾರಿಯನ್ನೂ ಹಾಕಿತು. ತನ್ನ ಬಳಿ ಚಿಕಿತ್ಸೆಗೆ ಬರುತ್ತಿದ್ದವಳಿಗೆ ತನ್ನಲ್ಲೇ ಕೆಲಸ ಕೊಟ್ಟಿದ್ದ. ಆ ಕಸುಬಿನಲ್ಲಿ ಹಾಗೆ ಎರಡು ಸಂಬಂಧ ಇಟ್ಟುಕೊಳ್ಳಬಾರದಂತೆ.

ಇಲ್ಲಿಂದ ಮುಂದೆ ನನಗೆ ಗೊತ್ತಿರುವ ಲೋಕ. 1990ರ ಹೊತ್ತಿಗೆ ಒಬ್ಬ ವಕೀಲನ ಜತೆ ಸೇರಿ 'ಕೋರ್ಟ್‌ರೂಮ್ ಸೈನ್ಸಸ್' ಎಂಬ ಕಂಪನಿ ತೆರೆದ. ಅಮೆರಿಕದಲ್ಲಿ ಇನ್ನೂ ಜ್ಯೂರಿ ಇದೆ. ಊರಿನ ಸಾಮಾನ್ಯ ಜನರನ್ನು ಆರಿಸಿ ಕೂರಿಸುತ್ತಾರೆ, ಗೆಲುವು ಸೋಲು ಅವರ ಕೈಯಲ್ಲಿ. ನಮ್ಮಲ್ಲೂ ಇತ್ತು. 1959ರ ನಾನಾವತಿ ಕೇಸಿನಲ್ಲಿ ಜ್ಯೂರಿ ನಿರ್ದೋಷಿ ಅಂದಿತು, ಹೈಕೋರ್ಟು ಒಪ್ಪಲಿಲ್ಲ. ಆಮೇಲೆ ಆ ಪದ್ಧತಿಯೇ ಹೋಯಿತು. ಜ್ಯೂರಿ ಇರುವ ಕಡೆ ಕಾನೂನು ಗೊತ್ತಿದ್ದರೆ ಮಾತ್ರ ಸಾಲದು, ಕೂತವರ ಮನಸ್ಸೂ ಗೊತ್ತಿರಬೇಕು. ಯಾರನ್ನು ಜ್ಯೂರಿಗೆ ಒಪ್ಪಬೇಕು, ಯಾರನ್ನು ಬೇಡ ಅನ್ನಬೇಕು, ಸಾಕ್ಷಿ ಹೇಗೆ ಕೂರಬೇಕು, ಎಲ್ಲಿ ನೋಡಬೇಕು, ಇದನ್ನೆಲ್ಲ ಹೇಳಿಕೊಡುವುದೇ ಇವನ ದಂಧೆ.

ಈಗ ಓಪ್ರಾ ಕಥೆ. ಓಪ್ರಾ ವಿನ್‌ಫ್ರೇ ಅಲ್ಲಿನ ಅತಿ ದೊಡ್ಡ ಟಿವಿ ಹೆಂಗಸು. 1996ರಲ್ಲಿ ಹುಚ್ಚು ದನದ ರೋಗದ ಬಗ್ಗೆ ಒಂದು ಎಪಿಸೋಡ್ ಮಾಡಿ, ಇನ್ನು ಬರ್ಗರ್ ತಿನ್ನುವುದೇ ಸಾಕಪ್ಪ ಎನ್ನುವ ಅರ್ಥದಲ್ಲಿ ಏನೋ ಅಂದುಬಿಟ್ಟರು. ಟೆಕ್ಸಾಸ್‌ನ ದನ ಸಾಕುವ ಧಣಿಗಳು ದರ ಬಿದ್ದುಹೋಯಿತು ಎಂದು ಕೇಸು ಜಡಿದರು. ಕೇಸು ನಡೆದದ್ದು 1998ರಲ್ಲಿ, ಅಮರಿಲ್ಲೋ ಎಂಬಲ್ಲಿ. ದನವೇ ಆ ಊರಿನ ಅನ್ನ.

ತೋಟದಮನೆಯವರೇ, ನೀವೇ ಯೋಚಿಸಿ. ಬೆಂಗಳೂರಿನ ಆಂಕರ್ ಒಬ್ಬಳು ಟಿವಿಯಲ್ಲಿ "ಅಡಿಕೆ ತಿಂದರೆ ಕ್ಯಾನ್ಸರ್, ನಾನಂತೂ ಮುಟ್ಟಲ್ಲ" ಅಂದಳು ಅಂತಿಟ್ಟುಕೊಳ್ಳಿ. ನಮ್ಮವರು ಕೇಸು ಹಾಕಿ ಅವಳನ್ನು ತೀರ್ಥಹಳ್ಳಿಗೇ ಎಳೆದು ತಂದರು. ತೀರ್ಪು ಹೇಳುವ ಹನ್ನೆರಡು ಜನರಲ್ಲಿ ಹತ್ತು ಜನ ಬೆಳಿಗ್ಗೆ ಮಂಡಿಗೆ ಅಡಿಕೆ ಹಾಕಿ ಬಂದವರು. ಹೇಗಿರುತ್ತದೆ ಅವಳ ಪರಿಸ್ಥಿತಿ? ಓಪ್ರಾ ಪರಿಸ್ಥಿತಿ ಹಾಗಿತ್ತು.

ಓಪ್ರಾ ಕಡೆಯವರು ಫಿಲ್‌ನನ್ನು ಕರೆಸಿಕೊಂಡರು. ಇದು ಅನ್ಯಾಯ, ನನಗೇ ಯಾಕೆ ಹೀಗೆ ಎಂದು ಓಪ್ರಾ ಕೊರಗುತ್ತಿದ್ದರಂತೆ. ಅನ್ಯಾಯವೋ ನ್ಯಾಯವೋ, ಕೇಸು ನಿಮ್ಮ ಮೇಲೆ ಬಿದ್ದಿದೆ, ಎದ್ದು ಹೋರಾಡಿ ಎಂದು ಇವನು ಗದರಿಸಿದನಂತೆ. ಅವರು ಆ ಊರಿನಲ್ಲೇ ಒಂದು ಸಣ್ಣ ನಾಟಕ ಮಂದಿರ ಹಿಡಿದು ಸಂಜೆ ಹೊತ್ತು ತಮ್ಮ ಶೋ ನಡೆಸಿದರು. ಹಗಲು ಪ್ರತಿವಾದಿ, ಸಂಜೆ ಅದೇ ಊರಿನವರ ಅತಿಥಿ! ಟಿಕೆಟ್ಟಿಗೆ ನೂಕುನುಗ್ಗಲು. ಫೆಬ್ರವರಿ 26ಕ್ಕೆ ತೀರ್ಪು ಬಂತು, ಓಪ್ರಾ ಗೆದ್ದರು. ಏಪ್ರಿಲ್‌ನಿಂದ ಮಂಗಳವಾರ ಮಂಗಳವಾರ ಫಿಲ್ ಅವರ ಶೋನಲ್ಲಿ ಬರತೊಡಗಿದ. 2002ರ ಸೆಪ್ಟೆಂಬರ್‌ನಲ್ಲಿ ಸ್ವಂತ ಶೋ. 2023ರವರೆಗೆ, ಅಂದರೆ 21 ಸೀಸನ್ ಓಡಿತು.

ಅವನು ಕೆಲಸ ಮಾಡುವ ರೀತಿ ನೋಡಿ ನನಗೆ ತೀರ್ಥಹಳ್ಳಿಯ ಒಬ್ಬ ಹಳೇ ವಕೀಲರ ನೆನಪು. ಅವರು ಪಾಟೀಸವಾಲು ಮಾಡುವಾಗ ಮುಖ್ಯ ಪ್ರಶ್ನೆಗೆ ಮುಂಚೆ ಕನ್ನಡಕ ತೆಗೆಯುತ್ತಿದ್ದರು. ಕರಿ ಗೌನಿನ ತುದಿಯಲ್ಲಿ ಒಂದು ಗಾಜು ಒರೆಸುವರು. ಬೆಳಕಿಗೆ ಹಿಡಿದು ನೋಡುವರು. ಇನ್ನೊಂದು ಗಾಜು ಒರೆಸುವರು. ಅಷ್ಟು ಹೊತ್ತು ಕೋರ್ಟಿನಲ್ಲಿ ಫ್ಯಾನಿನ ಸದ್ದು ಮಾತ್ರ. ಆ ಮೌನ ತಡೆಯಲಾಗದೆ ಸಾಕ್ಷಿ ಕೇಳದೇ ಇದ್ದದ್ದನ್ನೂ ಹೇಳಿಬಿಡುತ್ತಿದ್ದ. "ಬೇಲಿ ನಾನು ಕಿತ್ತಿಲ್ಲ ಸ್ವಾಮಿ, ಅವತ್ತು ರಾತ್ರಿ ನಾನು ಅಲ್ಲಿ ಇರಲೇ ಇಲ್ಲ" ಅನ್ನುವನು. ರಾತ್ರಿ ಅಂತ ಯಾರು ಕೇಳಿದ್ದರು?

ಫಿಲ್ ಕನ್ನಡಕ ಒರೆಸುವುದಿಲ್ಲ, ಅಷ್ಟೇ. ಮುಂದಕ್ಕೆ ಬಗ್ಗಿ, ಒಂದು ಹುಬ್ಬು ಎತ್ತಿ ಸುಮ್ನೆ ಕೂರುತ್ತಾನೆ. ಎದುರಿಗೆ ಕೂತವರು ಒದ್ದಾಡಿ ಹೋಗುತ್ತಾರೆ. ಆಮೇಲೆ ಆ ಪ್ರಸಿದ್ಧ ಮಾತು ಬಿಡುತ್ತಾನೆ, "ಹೌಸ್ ದಟ್ ವರ್ಕಿಂಗ್ ಫಾರ್ ಯು?" ಅಂತ. ನಮ್ಮ ಕಡೆ ಹೇಳಬೇಕೆಂದರೆ, "ಹಾಗೆ ಮಾಡಿ ಏನು ಉದ್ಧಾರ ಆಯ್ತು?" ಅದಕ್ಕೆ ಯಾರ ಹತ್ತಿರ ಉತ್ತರ ಇರುತ್ತದೆ? ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀಸವಾಲಿನಲ್ಲಿ ಕೇಳಬಾರದು ಎಂದು ಹಿರಿಯ ವಕೀಲರು ಜೂನಿಯರ್‌ಗಳಿಗೆ ಹೇಳುತ್ತಿದ್ದರು. ಇವನದೂ ಅದೇ. ಎದುರಿಗೆ ಕೂತವರ ಪೂರ್ವಾಪರ ಎಲ್ಲ ಅವನ ಜನ ಮೊದಲೇ ಕೆದಕಿ ಇಟ್ಟಿರುತ್ತಾರೆ. ಮುಂದೆ ಕೂತ ಪ್ರೇಕ್ಷಕರೇ ಜ್ಯೂರಿ. ಚಪ್ಪಾಳೆಯೇ ತೀರ್ಪು. ನನಗೆ ಮನಶ್ಶಾಸ್ತ್ರ ಎಲ್ಲಿಯೂ ಕಾಣಲಿಲ್ಲ. ಕಂಡಿದ್ದು ಕೋರ್ಟು.

ನಿಮ್ಮ ಮಗಳು ಮಣೆ ಎಳೆದು ಬಗ್ಗಿ ಕೂತಳು ಅಂದಿರಲ್ಲ, ಓದಿ ನಗು ಬಂತು. ಆ ಹುಡುಗಿ ಸರಿಯಾಗಿಯೇ ಗಮನಿಸಿದ್ದಾಳೆ.

ನನ್ನ ಹೆಂಡತಿಗೆ ಇದ್ಯಾವುದೂ ಬೇಡ. ಅವಳಿಗೆ ಕೊನೆಯ ಒಂದು ನಿಮಿಷ ಮುಖ್ಯ. ಪ್ರತಿ ಎಪಿಸೋಡಿನ ಕೊನೆಗೆ ಫಿಲ್ ಇಳಿದು ಬಂದು, ಪ್ರೇಕ್ಷಕರ ನಡುವೆ ಕೂತ ತನ್ನ ಹೆಂಡತಿ ರಾಬಿನ್ ಕೈ ಹಿಡಿದುಕೊಂಡು ಹೊರಗೆ ನಡೆಯುತ್ತಾನೆ. "ನೋಡಿ, ದಿನಾ ಕೆಲಸ ಮುಗಿಸಿ ಹೆಂಡತಿ ಕೈ ಹಿಡಿದುಕೊಂಡು ಹೋಗುತ್ತಾನೆ, ನೀವು 34 ವರ್ಷದಲ್ಲಿ ಒಂದು ದಿನ?" ಅನ್ನುವಳು. ಜಡ್ಜ್ ಎದುರಿಗೆ ನಾನು ಇವಳ ಕೈ ಹಿಡಿದುಕೊಂಡು ಹೋಗಬೇಕಿತ್ತು.

ಲೈಸೆನ್ಸ್ ವಿಷಯ ಹೇಳಿ ಮುಗಿಸುತ್ತೇನೆ. 2006ರಿಂದ ಅವನು ಮನಶ್ಶಾಸ್ತ್ರಜ್ಞನ ಲೈಸೆನ್ಸ್ ನವೀಕರಿಸಲೇ ಇಲ್ಲ. ತಾನು ಮಾಡುವುದು ಚಿಕಿತ್ಸೆ ಅಲ್ಲ, ಟಿವಿ ಕಾರ್ಯಕ್ರಮ ಅನ್ನುವುದು ಅವನ ವಾದ. ಕಾನೂನಿಗೆ ಆ ವಾದ ನಿಲ್ಲುತ್ತದೆ, ನಿಂತಿದೆ ಕೂಡ. ಆದರೆ ಹೆಸರಿನ ಹಿಂದೆ 'ಡಾಕ್ಟರ್' ಇಪ್ಪತ್ತೊಂದು ಸೀಸನ್ ಹಾಗೇ ಇತ್ತು.

ಕೈ ಸುಟ್ಟುಕೊಂಡದ್ದೂ ಉಂಟು. ತೂಕ ಇಳಿಸುವ ಮಾತ್ರೆ, ಬಾರ್‌ಗಳಿಗೆ ತನ್ನ ಹೆಸರು ಕೊಟ್ಟ, ಅದು ವರ್ಷ ತುಂಬುವುದರೊಳಗೆ ಮುಚ್ಚಿತು. ಕೊಂಡವರು ಕೇಸು ಹಾಕಿದರು, 2006ರಲ್ಲಿ 1 ಕೋಟಿ 5 ಲಕ್ಷ ಡಾಲರಿಗೆ ರಾಜಿ ಆಯಿತು. 2008ರ ಜನವರಿಯಲ್ಲಿ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋಗಿ, ಹೊರಗೆ ಬಂದು ಅವಳ ಬಗ್ಗೆ ಹೇಳಿಕೆ ಕೊಟ್ಟ. ನಂಬಿ ಕರೆದರೆ ಹೀಗಾ ಎಂದು ಮನೆಯವರು ಸಿಟ್ಟಾದರು. 2016ರಲ್ಲಿ ಶೆಲ್ಲಿ ಡುವಾಲ್ ಎಂಬ ಹಳೇ ನಟಿಯನ್ನು, ಮನಸ್ಸು ಸರಿಯಿಲ್ಲದ ಸ್ಥಿತಿಯಲ್ಲೇ ಕ್ಯಾಮೆರಾ ಮುಂದೆ ಕೂರಿಸಿದ. ಆಗ ಬಹಳ ಜನ ಉಗಿದರು. ಶೋ ನಿಲ್ಲಿಸಿದ ಮೇಲೆ 2024ರಲ್ಲಿ 'ಮೆರಿಟ್ ಸ್ಟ್ರೀಟ್' ಎಂದು ಸ್ವಂತ ಚಾನೆಲ್ ತೆರೆದ. 2025ರ ಜುಲೈಗೆ ಅದು ದಿವಾಳಿ ಅರ್ಜಿ ಹಾಕಿ ಕೋರ್ಟಿಗೆ ಬಂತು. ಮತ್ತೆ ಕೋರ್ಟು!

ಮೊಮ್ಮಗ ಫೋನ್ ಮಾಡುವ ಹೊತ್ತು. ಆಮೇಲೆ ಬರುತ್ತೇನೆ.

ಮಂಗಳವಾರದ_ಮೇಡಂ

ಶಿರಸ್ತೇದಾರ್ ಸರ್, ಮಂಗಳವಾರ ಅಂತ ಓದಿದ ತಕ್ಷಣ ಬರೆಯಲೇಬೇಕು ಅನ್ನಿಸಿತು.

ನಾನು ಆಪ್ತಸಮಾಲೋಚಕಿ, ಮಲೆನಾಡಿನದೇ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರದ ದಿನ ಮನೋವೈದ್ಯರು ಬರುತ್ತಾರೆ. ಅಲ್ಲಿ ಓಪ್ರಾ ಜತೆ ಫಿಲ್ ಬಂದಿದ್ದೂ ಮಂಗಳವಾರ, ನಮ್ಮಲ್ಲಿ ಡಾಕ್ಟರ್ ಬರುವುದೂ ಮಂಗಳವಾರ. ಹೋಲಿಕೆ ಅಲ್ಲಿಗೇ ಮುಗಿಯಿತು. ನಮ್ಮಲ್ಲಿ ಚಪ್ಪಾಳೆ ಇಲ್ಲ.

ಮಂಗಳವಾರ ಬೆಳಿಗ್ಗೆ ನಮ್ಮ ಕಾರಿಡಾರ್ ನೋಡಬೇಕು ನೀವು. ನಮ್ಮ ರೂಮಿನ ಎದುರು ಬೆಂಚು ಖಾಲಿ ಇರುತ್ತದೆ. ಪಕ್ಕದ ಕಣ್ಣಿನ ವಿಭಾಗದ ಮುಂದೆ ಸಾಲು. ಆ ಸಾಲಿನಲ್ಲಿ ಅರ್ಧ ಜನ ನಮ್ಮವರು. ಒಬ್ಬರು ಅಮ್ಮ ಎರಡು ವರ್ಷದಿಂದ ಬರುತ್ತಿದ್ದಾರೆ, ಕೈಯಲ್ಲಿ ಯಾವಾಗಲೂ ಒಂದು ಖಾಲಿ ಕಣ್ಣಿನ ಡ್ರಾಪ್ಸ್ ಬಾಟಲಿ. ಊರಿನವರು ಯಾರಾದರೂ ಸಿಕ್ಕಿ "ಏನು ಇಲ್ಲಿ?" ಅಂದರೆ ತೋರಿಸಲು. ಕಾರಿಡಾರ್ ಖಾಲಿ ಆಗುವುದನ್ನು ನೋಡಿಕೊಂಡು ಒಳಗೆ ಬಂದು, ಬಾಟಲಿಯನ್ನು ಮೇಜಿನ ಮೇಲಿಟ್ಟು ಆಮೇಲೆ ಮಾತಾಡುತ್ತಾರೆ. ಹೋಗುವಾಗ ಮರೆಯದೆ ತೆಗೆದುಕೊಳ್ಳುತ್ತಾರೆ. ಒಂದೇ ಬಸ್ಸಿನಲ್ಲಿ ಬರುವ ಊರುಗಳು ನಮ್ಮವು. ಕಂಡಕ್ಟರಿಗೂ ಗೊತ್ತಾಗುತ್ತದೆ ಯಾರು ಎಲ್ಲಿ ಇಳಿದರು ಅಂತ. ಇಂಥ ಕಡೆ ನನ್ನ ಕೆಲಸದ ಮುಕ್ಕಾಲು ಭಾಗ ಬಾಯಿ ಮುಚ್ಚಿಕೊಂಡಿರುವುದು.

ಅದಕ್ಕೇ ಫಿಲ್ ಕಥೆ ಕೇಳಿದಾಗ ನನಗೆ ಮೊದಲು ಕಾಣುವುದು ಆ ಕುರ್ಚಿಯಲ್ಲಿ ಕೂತವರು. ನ್ಯಾಯವಾಗಿ ಒಂದು ಮಾತು ಹೇಳಬೇಕು. ಬಹಳ ಅತಿಥಿಗಳನ್ನು ಶೋ ಮುಗಿದ ಮೇಲೆ ಒಳ್ಳೆಯ ಚಿಕಿತ್ಸಾ ಕೇಂದ್ರಗಳಿಗೆ ಖರ್ಚಿಲ್ಲದೆ ಕಳಿಸಿದ್ದಾರೆ. ಕುಡಿತ, ಖಿನ್ನತೆ, ಮನೆಯೊಳಗಿನ ಹೊಡೆತ, ಇವನ್ನು ಮಾತಾಡಬಹುದಾದ ವಿಷಯ ಮಾಡಿದ್ದರಲ್ಲಿ ಅವರ ಪಾಲೂ ಇದೆ. ಆದರೆ 2016ರಲ್ಲಿ 13 ವರ್ಷದ ಹುಡುಗಿಯೊಬ್ಬಳನ್ನು ತಾಯಿ ಕರೆದುಕೊಂಡು ಬಂದಿದ್ದರು. ಅವಳು ಪ್ರೇಕ್ಷಕರಿಗೆ ಎಸೆದ ಒಂದು ಒರಟು ಮಾತು ಜಗತ್ತೆಲ್ಲ ಮೀಮ್ ಆಯಿತು. ಆ ವಯಸ್ಸಿನ ಮಗು ನನ್ನ ಎದುರಿಗೆ ಹಾಗೆ ಕೂಗಾಡಿದರೆ ನಾನು ಬಾಗಿಲು ಹಾಕುತ್ತೇನೆ. ಅವರು ಕ್ಯಾಮೆರಾ ಹತ್ತಿರ ತಂದರು.

ತೋಟದಮನೆ ಅಣ್ಣ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಮ್ಮಲ್ಲಿ ಮೂರು ಕೆಲಸ ಬೇರೆ ಬೇರೆ. ಮನೋವೈದ್ಯರು ಅಂದರೆ ಎಂಬಿಬಿಎಸ್ ಮಾಡಿ ಆಮೇಲೆ ಎಂಡಿ ಸೈಕಿಯಾಟ್ರಿ ಮಾಡಿದವರು, ಮಾತ್ರೆ ಬರೆಯುವವರು ಅವರು. ಆರ್ಟ್ಸ್ ತಗೊಂಡ ಮೇಲೆ ನಿಮ್ಮ ಮಗಳಿಗೆ ಆ ದಾರಿ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬಹುದು. ಡಿಗ್ರಿ, ಎಂಎ ಅಥವಾ ಎಂಎಸ್ಸಿ ಸೈಕಾಲಜಿ, ಅದರ ಮೇಲೆ ಎರಡು ವರ್ಷ ಎಂಫಿಲ್. ಇದು ಇಷ್ಟು ದಿನದ ದಾರಿ, ನಿಮ್ಹಾನ್ಸ್ ಅದಕ್ಕೆ ಹೆಸರಾದ ಜಾಗ. ಈಗ ಈ ಕೋರ್ಸುಗಳ ರಚನೆ ಬದಲಾಗುತ್ತಿದೆ. ಸೇರುವ ವರ್ಷ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ವೆಬ್‌ಸೈಟ್ ನೋಡಿಯೇ ಸೇರಿಸಿ. ಅವರ ಮಾನ್ಯತೆ ಇಲ್ಲದ ಕೋರ್ಸ್ ಮಾಡಿದರೆ ರಿಜಿಸ್ಟ್ರೇಷನ್ ಸಿಗಲ್ಲ. ದುಡ್ಡು ಕಟ್ಟಿದ ಮೇಲೆ ಗೊತ್ತಾಗಿ ಅತ್ತವರನ್ನು ನೋಡಿದ್ದೇನೆ. ಮೂರನೆಯದು ನನ್ನಂಥ ಸಮಾಲೋಚಕರು. ಶಾಲೆ, ಆಸ್ಪತ್ರೆ, ಮಹಿಳಾ ಸಾಂತ್ವನ ಕೇಂದ್ರ, ಹೀಗೆ ಕೆಲಸ ಇರುತ್ತದೆ. ಸಂಬಳ ದೊಡ್ಡದೇನಲ್ಲ, ಸುಳ್ಳು ಹೇಳಲಾರೆ.

ಟಿವಿಯಲ್ಲಿ ಬರಬೇಕು ಅನ್ನುವುದು ತಪ್ಪಲ್ಲ. ನಮ್ಮ ಶಿವಮೊಗ್ಗದ ಡಾ. ಅಶೋಕ್ ಪೈ ಅವರು ಮನೋವೈದ್ಯರಾಗಿದ್ದುಕೊಂಡೇ ಪತ್ರಿಕೆ, ಸಿನಿಮಾ ಎಲ್ಲ ಬಳಸಿಕೊಂಡರು. 2016ರಲ್ಲಿ ತೀರಿಕೊಂಡರು. ನಮ್ಮ ಮನೆಯಲ್ಲಿ ಅಜ್ಜಿ ಕೂಡ ಅವರ ಲೇಖನ ಓದಿಸಿ ಕೇಳುತ್ತಿದ್ದರು. "ಮೈಮೇಲೆ ಬರುವುದು" ಅಂದರೆ ಏನು ಅಂತ ಅಜ್ಜಿಗೆ ಮೊದಲು ಹೊಳೆದದ್ದು ಹಾಗೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ರಾಶಿ ಪುಸ್ತಕ ಬರೆದರು. ಇವರಿಬ್ಬರೂ ಕಾಯಿಲೆ ಬಗ್ಗೆ ಊರಿಗೆಲ್ಲ ಹೇಳಿದರು. ಕಾಯಿಲೆಯವರನ್ನು ಊರಿಗೆ ತೋರಿಸುವುದು ಬೇರೆ ಕೆಲಸ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆ ಪಡೆಯುತ್ತಿರುವವರ ಫೋಟೋ, ಮಾಹಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವ ಹಾಗೇ ಇಲ್ಲ.

ಮಗಳನ್ನು ರಜೆಯಲ್ಲಿ ಒಂದು ಮಂಗಳವಾರ ಕಳಿಸಿ. ಒಳಗೆ ಕೂರಿಸಲು ಆಗಲ್ಲ, ಆದರೆ ಕಾರಿಡಾರಿನಲ್ಲಿ ಕೂರಬಹುದು. ಖಾಸಗಿಯಾಗಿ ಮೆಸೇಜ್ ಮಾಡಿ, ಯಾವ ಆಸ್ಪತ್ರೆ ಅಂತ ಹೇಳುತ್ತೇನೆ.

ಇದನ್ನು ಓದುವ ಬೇರೆ ಯಾರಿಗಾದರೂ ಬೇಕಾದರೆ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿಮಾನಸ್ ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತದೆ. ಬಸ್ಸಿನಲ್ಲಿ ಯಾರೂ ನೋಡುವುದಿಲ್ಲ.

ಹೆಸರು_ಬೇಡ

ನಾನು ಸಾಮಾನ್ಯವಾಗಿ ಇಲ್ಲಿ ಬರೆಯುವುದಿಲ್ಲ.

ನನ್ನ ಚಿಕ್ಕಮ್ಮ ಸುಮಾರು ಹತ್ತು ವರ್ಷದ ಹಿಂದೆ ಇಂಥದೇ ಒಂದು ಶೋಗೆ ಹೋಗಿದ್ದರು. ಕನ್ನಡದ್ದೇ. ಚಾನೆಲ್ ಯಾವುದು ಅಂತ ಹೇಳಲ್ಲ. ಚಿಕ್ಕಪ್ಪನಿಗೆ ಬೇರೆ ಸಂಬಂಧ ಇತ್ತು. ಊರಿನ ಪಂಚಾಯಿತಿಯಲ್ಲಿ ನ್ಯಾಯ ಸಿಗಲಿಲ್ಲ, ವಕೀಲರಿಗೆ ದುಡ್ಡಿರಲಿಲ್ಲ. ಟಿವಿಯವರು ಕಾರು ಕಳಿಸಿದರು, ಬೆಂಗಳೂರಿನಲ್ಲಿ ರೂಮು, ಊಟ, ಎಲ್ಲ ಕೊಟ್ಟರು. ಮೇಕಪ್ ಮಾಡಿದ ಹುಡುಗಿ ಬಹಳ ಒಳ್ಳೆಯವಳಂತೆ, "ಅಮ್ಮಾ, ಅಳು ಬಂದರೆ ತಡ್ಕೋಬೇಡಿ" ಅಂದಳಂತೆ. ಚಿಕ್ಕಮ್ಮನಿಗೆ ಅದು ಕರುಣೆ ಅನ್ನಿಸಿತ್ತು.

ಚಿಕ್ಕಪ್ಪ ಸ್ಟುಡಿಯೋದಲ್ಲಿ ಎಲ್ಲರ ಎದುರು ತಪ್ಪಾಯ್ತು ಅಂದರು. ಮನೆಗೆ ಬಂದು ಹದಿನೈದು ದಿನ ಸರಿ ಇದ್ದರು. ಅಷ್ಟೇ.

ವಿಡಿಯೋ ಮಾತ್ರ ಇದೆ. ಯೂಟ್ಯೂಬಿನಲ್ಲಿ ಈಗಲೂ ಇದೆ. ಯಾರೋ ಅದನ್ನು ತುಂಡು ಮಾಡಿ, ಕೆಳಗೆ ನಗುವ ಮುಖ ಹಾಕಿ ಮತ್ತೆ ಮತ್ತೆ ಬಿಡುತ್ತಾರೆ. ಕಳೆದ ವರ್ಷ ಅವರ ಮಗಳಿಗೆ, ಅಂದರೆ ನನ್ನ ತಂಗಿಗೆ, ಶಿರಸಿ ಕಡೆಯ ಒಂದು ಸಂಬಂಧ ಗಟ್ಟಿಯಾಗುವುದರಲ್ಲಿತ್ತು. ಹುಡುಗನ ಕಡೆಯವರ ವಾಟ್ಸಾಪ್ ಗ್ರೂಪಿಗೆ ಆ ತುಂಡು ಬಂತು. ತಂಗಿಗೆ ಆ ವಿಡಿಯೋದಲ್ಲಿ ಹದಿನಾಲ್ಕು ವರ್ಷ. ಅಮ್ಮನ ಪಕ್ಕ ಸ್ಕೂಲಿನ ಎರಡು ಜಡೆ ಹಾಕಿಕೊಂಡು ಕೂತಿದ್ದಾಳೆ. ಒಂದು ಮಾತೂ ಆಡಿಲ್ಲ.

ತೆಗೆಸಲು ಮೇಲ್ ಮಾಡಿದೆವು. ನಿಮ್ಮವರೇ ಸಹಿ ಹಾಕಿದ್ದಾರೆ ಅಂತ ಉತ್ತರ ಬಂತು. ಹಾಕಿದ್ದು ಹೌದು. ಕಾಗದ ಇಂಗ್ಲಿಷಿನಲ್ಲಿತ್ತು.

ಜೋಗದಗುಂಡಿ

ಓದಿ ಮನಸ್ಸು ಕೆಟ್ಟಿತು. ತಮಾಷೆ ಮಾಡಿದ್ದಕ್ಕೆ ಕ್ಷಮಿಸಿ.

ನಿವೃತ್ತ_ಶಿರಸ್ತೇದಾರ

ಹೆಸರು ಬೇಡ ಎಂದಿರುವವರೇ, ನಿಮ್ಮ ತಂಗಿ ಆಗ ಅಪ್ರಾಪ್ತೆ. ಅವಳ ಪರವಾಗಿ ಯಾರು ಸಹಿ ಹಾಕಿದರು, ಏನೆಂದು ಹಾಕಿದರು ಎಂಬುದೇ ಮೊದಲ ಪ್ರಶ್ನೆ. ಆ ಕಾಗದದ ಪ್ರತಿ ಇದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಶಿವಮೊಗ್ಗದಲ್ಲಿ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇದೆ. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ, ಆದಾಯ ಎಷ್ಟಿದ್ದರೂ ಸರಿ. ಗೆಲ್ಲುತ್ತೀರಿ ಎಂದು ಹೇಳಲಾರೆ. ಆದರೆ ಪ್ರತಿ ತುಣುಕಿನ ಲಿಂಕು, ತಾರೀಖು ಈಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಾಗದ ಇಲ್ಲದೆ ಕೋರ್ಟಿನಲ್ಲಿ ಅಳುವಿಗೆ ಬೆಲೆ ಇಲ್ಲ. ಇದು 34 ವರ್ಷ ನೋಡಿ ಹೇಳುವ ಮಾತು.

ನಮ್ಮಲ್ಲಿ ಈ ಮಾದರಿ ಶುರುವಾದಾಗ ನಾನೂ ನೋಡಿದವನೇ. ಜೀ ಕನ್ನಡದಲ್ಲಿ ಮಾಳವಿಕಾ ಅವಿನಾಶ್ 'ಬದುಕು ಜಟಕಾ ಬಂಡಿ' ನಡೆಸುತ್ತಿದ್ದಾಗ ನಮ್ಮ ಆಫೀಸಿನ ಅಟೆಂಡರ್ ಮರುದಿನ ಕಥೆ ಹೇಳುತ್ತಿದ್ದ. ಎದುರಿನ ಕಟಕಟೆಯಲ್ಲಿ ಅಂಥದೇ ಗಂಡ ಹೆಂಡತಿ ನಿಂತಿರುತ್ತಿದ್ದರು, ನಾವು ಅವರ ಕಡೆ ನೋಡುತ್ತಲೂ ಇರಲಿಲ್ಲ. ಇದನ್ನು ಈಗ ಬರೆಯುವಾಗ ಸ್ವಲ್ಪ ನಾಚಿಕೆಯೂ ಆಗುತ್ತಿದೆ.

ತೋಟದಮನೆಯವರೇ, ಒಂದು ಕೇಳಲೇ? ಅಣ್ಣನ ಹತ್ತಿರ ಮಾತಾಯಿತಾ? ನೀರಿನ ಕೇಸುಗಳನ್ನು ನಾನು ಬಹಳ ನೋಡಿದ್ದೇನೆ. ಡಿಕ್ರಿ ಬರುವ ಹೊತ್ತಿಗೆ ಅಬ್ಬಿಯೇ ಬತ್ತಿರುತ್ತದೆ.

ತೋಟದಮನೆ_ಹೊಸನಗರ

ಎಲ್ಲರಿಗೂ ಉಪಕಾರ. ಉತ್ತರ ಕೊಡಲು ತಡವಾಯಿತು. ನಾಲ್ಕು ದಿನ ಕರೆಂಟಿಲ್ಲ, ಟವರೂ ಇಲ್ಲ.

ಮಗಳು ವಾರಾಂತ್ಯಕ್ಕೆ ಬಂದಿದ್ದಾಗ ಎಲ್ಲವನ್ನೂ ಓದಿಸಿದೆ. ಶಿರಸ್ತೇದಾರರದ್ದು ಓದುವಾಗ ನಗುತ್ತಿದ್ದಳು, ಅಡಿಕೆ ಕೇಸಿನ ಭಾಗವನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದಳು. ಲೈಸೆನ್ಸ್ ಇಲ್ಲ ಅಂದದ್ದಕ್ಕೆ "ನಂಗೆ ಗೊತ್ತಿತ್ತು" ಅಂದಳು. ಗೊತ್ತಿರಲಿಲ್ಲ, ಮುಖ ನೋಡಿದರೆ ತಿಳಿಯುತ್ತದೆ. ಹೆಸರು ಬೇಡ ಅಂದವರದ್ದು ಓದಿ ಮೊಬೈಲ್ ಕೆಳಗಿಟ್ಟಳು. ರಾತ್ರಿ ಊಟದ ಹೊತ್ತಿಗೆ, "ಆ ಎರಡು ಜಡೆ ಹುಡುಗಿ ಹತ್ರ ಶೋ ಮುಗಿದ ಮೇಲೆ ಯಾರಾದ್ರೂ ಮಾತಾಡಿದ್ರಾ ಅಪ್ಪ?" ಅಂತ ಕೇಳಿದಳು. ನನಗೆ ಹೇಗೆ ಗೊತ್ತು? ಗೊತ್ತಿದ್ದವರು ಬೇಕಾದರೆ ಹೇಳಿ, ಇಲ್ಲದಿದ್ದರೆ ಬೇಡ.

ಮೇಡಂ, ನಿಮಗೆ ಮೆಸೇಜ್ ಮಾಡಿದ್ದಾಳೆ. ದಸರಾ ರಜೆಯಲ್ಲಿ ಮಂಗಳವಾರ ನೋಡಿಕೊಂಡು ಬರುತ್ತಾಳೆ. ಕಣ್ಣಿನ ಸಾಲಿನಲ್ಲೇ ಕೂರುತ್ತಾಳಂತೆ. ಟಿವಿ ಹುಚ್ಚು ಬಿಟ್ಟಿದೆ ಅಂತ ಹೇಳಲಾರೆ, ಇವತ್ತೂ ನೋಡುತ್ತಿದ್ದಳು. ಆದರೆ ಆರ್‌ಸಿಐ ಪಟ್ಟಿ ಡೌನ್‌ಲೋಡ್ ಮಾಡಿ ನನ್ನ ಮೊಬೈಲಿಗೂ ಕಳಿಸಿದ್ದಾಳೆ.

ಶಿರಸ್ತೇದಾರರೇ, ಅಣ್ಣನ ಹತ್ತಿರ ಮಾತಾಯಿತಾ ಅಂದಿರಿ. ಇಲ್ಲ. ನಿನ್ನೆ ಮಳೆ ಬಿಟ್ಟಿತ್ತು, ಎಲ್ಲರ ತೋಟದಲ್ಲೂ ಔಷಧಿ ಹೊಡೆಯುವ ಗಡಿಬಿಡಿ. ಅವರ ದೋಟಿ ಮುರಿದಿದೆಯಂತೆ, ನಮ್ಮದು ಬೇಕು ಅಂತ ಅವರ ಮನೆಯ ಆಳು ಬಂದು ಅಂಗಳದಲ್ಲಿ ನಿಂತಿದ್ದ. ಕೊಟ್ಟೆ. ಔಷಧಿ ಬ್ಯಾರಲ್‌ಗೆ ನೀರು ಸಾಕಾಗುತ್ತದಾ ಅಂತ ಕೇಳಿದೆ. ಕೇಳಿ ಹೇಳುತ್ತೇನೆ ಅಂದ.